ಹುಡುಗಿಯ ಕೈಕೆಲಸ

ಅಜ್ಜಂಪುರದ ಪೇಟೆ ಬೀದಿಯಲ್ಲಿ ದಿನಸಿ ಮಂಡಿ ನಡೆಸುತ್ತಿದ್ದ ಪಂಚಾಕ್ಷರಪ್ಪನವರ ಮನೆಯಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಕೋಣೆ ಇತ್ತು. ಹತ್ತಡಿ ಉದ್ದ, ಎಂಟಡಿ ಅಗಲ. ಬೀದಿಗೆ ಒಂದು ಕಿಟಕಿ, ನಡುಮನೆಗೆ ಒಂದು ಬಾಗಿಲು. ಖಾಲಿ ಗೋಣಿಚೀಲ, ಕಾಲು ಮುರಿದ ಬೆಂಚು, ತುಕ್ಕು ಹಿಡಿದ ತಕ್ಕಡಿ ಎಲ್ಲವೂ ಅಲ್ಲಿಗೆ ಹೋಗುತ್ತಿದ್ದವು. ಮನೆಯವರು ಅದನ್ನು ಚೀಲದ ಕೋಣೆ ಎನ್ನುತ್ತಿದ್ದರು. 1972ರಲ್ಲಿ ಅವರ ಮಗಳು ತೀರ್ಥಮ್ಮ ಯಗಟಿಯ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಬಸ್ಸಿಳಿದು ಬಂದಾಗ ಅವಳಿಗೂ ಅಲ್ಲೇ ಜಾಗ ಮಾಡಿದರು. ಬೇಡವಾದದ್ದನ್ನು ಇಡುವ ಜಾಗ ಅದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅವಳಿಗೆ ಆಗ ಇಪ್ಪತ್ತೆರಡು. ಗಂಡ ಚೌಳಹಿರಿಯೂರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಪಂಚಾಯ್ತಿ ಆಯಿತು, ಮಠದ ಅಯ್ಯನವರು ಕರೆಸಿ ಬುದ್ಧಿ ಹೇಳಿದ್ದೂ ಆಯಿತು. ಅವನು ಎಲ್ಲರೆದುರು ತಲೆ ಅಲ್ಲಾಡಿಸಿ ಮತ್ತೆ ಚೌಳಹಿರಿಯೂರಿನ ಬಸ್ಸು ಹತ್ತಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಹೇಳುತ್ತದೆ. ತಿರುಗಿ ಬಂದ ಹೆಣ್ಣು ಯಾವುದಕ್ಕೆ ಒಳಗು ಎಂಬುದನ್ನು ಗಾದೆ ಮಾಡಿದವರು ಯೋಚಿಸಿದಂತಿಲ್ಲ.

ತೀರ್ಥಮ್ಮ ಅಳುವ ಸ್ವಭಾವದವಳಲ್ಲ. ಮೊದಲ ವಾರವೇ ಗೋಣಿಚೀಲಗಳನ್ನು ಹಿತ್ತಲಿಗೆ ಹೊತ್ತು ಹಾಕಿ, ಝಾಡಿಸಿ, ಹರಿದವು ಬೇರೆ ಗಟ್ಟಿಯಿರುವವು ಬೇರೆ ಎಂದು ವಿಂಗಡಿಸಿದಳು. ಗಟ್ಟಿಯಿದ್ದವನ್ನು ಮಂಡಿಗೆ ಕಳಿಸಿದಳು. ಹರಿದವನ್ನು ಕತ್ತರಿಸಿ ಗೋಣಿದಬ್ಬಳದಿಂದ ಹೊಲಿದು ಕೋಣೆಯ ಅಳತೆಗೆ ಸರಿಯಾದ ಹಾಸು ಮಾಡಿದಳು. ಅಪ್ಪ ಅದನ್ನು ಕಾಲಲ್ಲಿ ಒತ್ತಿ ನೋಡಿದರು. "ಅಂಚು ಎಲ್ಲೂ ಓಡಿಲ್ವಲ್ಲೇ ತೀರ್ಥ," ಎಂದರು. ಮಾರನೆಯ ತಿಂಗಳು ಅವಳನ್ನು ತರೀಕೆರೆಯ ಜಾನಕಮ್ಮನವರ ಹೊಲಿಗೆ ಕ್ಲಾಸಿಗೆ ಸೇರಿಸಿದರು.

ಜಾನಕಮ್ಮ ತಮ್ಮ ಮನೆಯ ಪಡಸಾಲೆಯಲ್ಲೇ ಹತ್ತು ಹುಡುಗಿಯರಿಗೆ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಕೈಯಲ್ಲಿ ಯಾವಾಗಲೂ ಮರದ ಅಡಿಕೋಲು. ಅದು ಬಟ್ಟೆಯ ಮೇಲೆ ಬೀಳುತ್ತಿದ್ದಷ್ಟೇ ಬೆರಳಿನ ಗೆಣ್ಣಿನ ಮೇಲೂ ಬೀಳುತ್ತಿತ್ತು.

"ಕತ್ತರಿ ಎಲ್ಲಿದೆ ಅಂತ ಕಣ್ಣು ಹುಡುಕಬಾರದು ಕಣೇ. ಕೈಗೆ ಗೊತ್ತಿರಬೇಕು. ಅರ್ಧ ದಿನ ಹುಡುಕೋದ್ರಲ್ಲೇ ಕಳೆಯೋವಳು ಹೊಲಿಗೆಯವಳಲ್ಲ, ಕಳ್ಳನ ಮನೆ ಜಪ್ತಿಗೆ ಬಂದ ಪೊಲೀಸು," ಎನ್ನುತ್ತಿದ್ದರು.

ತೀರ್ಥಮ್ಮ ವರ್ಷವಿಡೀ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಪರೀಕ್ಷೆ ಪಾಸು ಮಾಡಿ, ತೀರಿಹೋದ ತಾಯಿ ತನ್ನ ಪಾಲಿಗೆ ಬಿಟ್ಟಿದ್ದ ಎರಡು ಚಿನ್ನದ ಬಳೆ ಕೊಟ್ಟು ಕಾಲಲ್ಲಿ ತುಳಿಯುವ ಕಪ್ಪು ಮಿಶನ್ನು ತಂದಳು. ಅಣ್ಣನ ಹೆಂಡತಿ ಮಲ್ಲಿಕಾಂಬ, "ಬಳೆ ಕೊಟ್ಟು ಕಬ್ಬಿಣ ತಂದ್ಳಲ್ಲಪ್ಪ," ಎಂದು ಅಡುಗೆಮನೆಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಪಂಚಾಕ್ಷರಪ್ಪ, "ಅವಳ ಬಳೆ, ಅವಳ ಕಬ್ಬಿಣ," ಎಂದು ಮಾತು ಮುಗಿಸಿದರು.

ಮುಂದಿನ ಹತ್ತು ವರ್ಷಗಳಲ್ಲಿ ಆ ಕೋಣೆ ಹೇಗಾಯಿತು ಎನ್ನುವುದನ್ನು ಹೇಳಲೇಬೇಕು. ತೀರ್ಥಮ್ಮನ ಬದುಕು ಎನ್ನುವುದೇನಿತ್ತೋ ಅದೆಲ್ಲ ಅಲ್ಲೇ ಇತ್ತು.

ಮಿಶನ್ನನ್ನು ಕಿಟಕಿಯ ಪಕ್ಕಕ್ಕೆ ಇಟ್ಟಿದ್ದಳು, ಬೆಳಕು ಎಡಗಡೆಯಿಂದ ಬೀಳುವ ಹಾಗೆ. ಬಲಗಡೆಯಿಂದ ಬಿದ್ದರೆ ಕೈಯ ನೆರಳು ಸೂಜಿಯ ಮೇಲೆ ಬೀಳುತ್ತದೆ. ಗೋಡೆಗೆ ಸುಣ್ಣದಲ್ಲಿ ಚಿಟಿಕೆ ನೀಲಿ ಬೆರೆಸಿ ಬಳಿದಿದ್ದಳು. ಕಾಲು ಮುರಿದ ಬೆಂಚಿನ ಹಲಗೆಗೆ ಸಾಲಾಗಿ ಮೊಳೆ ಹೊಡೆದು, ಒಂದೊಂದು ಮೊಳೆಗೆ ಒಂದೊಂದು ದಾರದ ರೀಲು ಸಿಕ್ಕಿಸಿದ್ದಳು: ಬಿಳಿಯಿಂದ ಹಳದಿ, ಹಳದಿಯಿಂದ ಕೆಂಪು, ಹೀಗೆ ಕಪ್ಪಿನವರೆಗೆ. ಗುಂಡಿಗಳು ಹಾರ್ಲಿಕ್ಸ್ ಬಾಟಲಿಗಳಲ್ಲಿ. ಷರಟಿನವು, ಕುಪ್ಪಸದ ಹುಕ್ಕು, ಮಕ್ಕಳ ಫ್ರಾಕಿನ ಬಣ್ಣದವು ಬೇರೆ ಬೇರೆ. ಪತ್ರಿಕೆ ಕಾಗದದಲ್ಲಿ ಕತ್ತರಿಸಿದ ಕುಪ್ಪಸದ ಅಳತೆಗಳಿಗೆ ಗಿರಾಕಿಗಳ ಹೆಸರು ಬರೆದು ದಬ್ಬಳದಿಂದ ತೂತು ಮಾಡಿ ತಂತಿಗೆ ಪೋಣಿಸಿದ್ದಳು. ಕಾಗದಕ್ಕೊಂದು ಕತ್ತರಿ, ಬಟ್ಟೆಗೊಂದು ಕತ್ತರಿ. ಬಟ್ಟೆಯ ಕತ್ತರಿಯನ್ನು ಯಾರಾದರೂ ಕಾಗದಕ್ಕೆ ಹಾಕಿದರೆ ಅವರಿಗೆ ಆ ದಿನ ಅವಳ ಮಾತಿಲ್ಲ.

ಉಳಿದ ಬಟ್ಟೆ ಚೂರುಗಳಲ್ಲಿ ಅವಳು ಕೋಣೆಯನ್ನು ಸಿಂಗರಿಸಿದಳು. ಸೀರೆಯ ಅಂಚುಗಳನ್ನು ಜೋಡಿಸಿ ಕಿಟಕಿಗೆ ಪರದೆ. ಬಾಗಿಲಿಗೆ ಮಣಿಯ ತೋರಣ. ಗೋಡೆಯ ಮೇಲೆ ಚೌಕಳಿ ಬಟ್ಟೆಯಲ್ಲಿ ಹೊಲಿದ ಗಿಳಿ, ಉಲ್ಲನ್ನಿನ ನಾಯಿಮರಿ, ಕಪ್ಪು ಮಖಮಲ್ಲಿನ ಮೇಲೆ ಮಣಿಯಿಂದ ಹೊಲಿದು ಕಟ್ಟು ಹಾಕಿಸಿದ ಒಂದು ನವಿಲು. ಆ ನವಿಲಿನ ಬಾಲದಲ್ಲಿ ಹನ್ನೊಂದು ಕಣ್ಣು. ನೀಲಿ ಮಣಿ ಮುಗಿದುಹೋಗಿ ಮೂರನೆಯ ಕಣ್ಣಿಗೆ ಮಾತ್ರ ಹಸಿರು ಹಾಕಿದ್ದಳು.

ಈ ನವಿಲು ಅಜ್ಜಂಪುರದಲ್ಲಿ ತೀರ್ಥಮ್ಮನಿಗಿಂತ ಹೆಚ್ಚು ಮನೆಗಳನ್ನು ಕಂಡಿತ್ತು. ಆಗಿನ ಪದ್ಧತಿ ಹಾಗಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆಯುವಾಗ ಹುಡುಗಿಯ ತಾಯಿ ಗೋಡೆಯ ಕಡೆ ಕೈ ತೋರಿಸಿ, "ಎಲ್ಲಾ ನಮ್ಮ ಹುಡುಗೀದೇ ಕೈಕೆಲಸ," ಎನ್ನಬೇಕು. ಬಂದವರು, "ಪರವಾಗಿಲ್ವೇ, ಕೈಕೆಲ್ಸಾನೂ ಐತೆ," ಎನ್ನಬೇಕು. ಹುಡುಗಿ ತಲೆ ತಗ್ಗಿಸಬೇಕು. ಕೈಕೆಲಸ ಬಾರದ ಹುಡುಗಿಯರ ತಾಯಂದಿರು ಹಿಂದಿನ ದಿನ ತೀರ್ಥಮ್ಮನ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು.

"ಒಂದಿನದ ಮಟ್ಟಿಗೆ ಆ ನವಿಲು ಕೊಡೇ ತೀರ್ಥ. ಗಿಳೀನೂ ಇರ್ಲಿ."

"ನಾಯಿಮರಿ ಬ್ಯಾಡ್ವಾ?"

"ಅದನ್ನೂ ಕೊಡು ಪುಣ್ಯಾತ್ಗಿತ್ತಿ."

ಒಮ್ಮೆ ಕಡೂರಿನ ಕಡೆಯ ಒಂದು ಗಂಡಿನ ತಂಡ ಮೊದಲ ಮನೆಯಲ್ಲಿ ಜಾತಕ ಕೂಡದೆ, ತಿಂಗಳಾದ ಮೇಲೆ ಅದೇ ಬೀದಿಯ ಎರಡನೆಯ ಮನೆಗೆ ಬಂತು. ಹುಡುಗನ ಸೋದರಮಾವ ಚೌಡಪ್ಪ ಎನ್ನುವವನು ಕನ್ನಡಕ ಏರಿಸಿ ನವಿಲನ್ನು ನೋಡಿದ. "ಹುಡುಗಿ ಗೊತ್ತಾಗ್ಲಿಲ್ಲ. ಆದ್ರೆ ಈ ಹಸಿರು ಕಣ್ಣಿನ ನವಿಲು ನಮಗೆ ಪರಿಚಯಸ್ಥರು ಕಣ್ರೀ," ಎಂದ. ಬೀದಿಯಲ್ಲಿ ಆರು ತಿಂಗಳು ಇದೇ ಮಾತು. ತೀರ್ಥಮ್ಮ ನಗಲಿಲ್ಲ. ಆದರೆ ತನ್ನ ಕೆಲಸವನ್ನು ಒಬ್ಬ ಮನುಷ್ಯ ಕಣ್ಣಿಟ್ಟು ನೋಡಿದ್ದಾನೆ ಎಂಬುದು ಅವಳಿಗೆ ಒಳಗೊಳಗೇ ಹಿತವಾಯಿತು. ಆ ಹಿತವೇ ಮುಂದೆ ಅವಳಿಗೆ ಮುಳುವಾಯಿತು ಎಂದರೆ ತಪ್ಪಲ್ಲ.

ಅವಳಿಗಿದ್ದ ಆಸೆ ಒಂದೇ. ಕೋಣೆಗೆ ಬೀದಿಯ ಕಡೆ ಒಂದು ಬಾಗಿಲು ಬೇಕು. ಕುಪ್ಪಸ ಹೊಲಿಸುವ ಹೆಂಗಸರು ಗಂಡಸರು ಕೂತಿರುವ ಜಗಲಿ ದಾಟಿ, ನಡುಮನೆ ದಾಟಿ, ಮಲ್ಲಿಕಾಂಬನ ಮುಖ ನೋಡಿಕೊಂಡು ಬರಬೇಕಿತ್ತು. ಬಹಳ ಜನ ಬರುತ್ತಲೇ ಇರಲಿಲ್ಲ. ಕೆಲವರು ಕಿಟಕಿಯ ಸರಳಿನ ಸಂದಿಯಿಂದ ಹಳೆಯ ಕುಪ್ಪಸ ತೂರಿಸಿ, "ಇದ್ರಂಗೇ ಹೊಲಿ," ಎಂದು ಹೋಗುತ್ತಿದ್ದರು. ಬೀದಿಗೆ ಬಾಗಿಲೊಂದಿದ್ದರೆ ಒಂದು ಬೋರ್ಡು ಹಾಕಬಹುದು, ನಾಲ್ಕು ಹುಡುಗಿಯರಿಗೆ ಕಲಿಸಬಹುದು, ಯಾರ ಮುಖವನ್ನೂ ನೋಡದೆ ಒಂದು ತುತ್ತು ತಿನ್ನಬಹುದು. ಅಪ್ಪ ಮಾಡಿಸಿಕೊಡುತ್ತೇನೆ ಎಂದಿದ್ದರು. 1976ರಲ್ಲಿ ಅವರು ತೀರಿಕೊಂಡರು. ಮಂಡಿ, ಮನೆ ಎಲ್ಲ ಅಣ್ಣ ಸೋಮಶೇಖರಪ್ಪನ ಕೈಗೆ ಬಂತು. ಅವನು ಕೆಟ್ಟವನಲ್ಲ. ಬಾಗಿಲಿನ ಮಾತು ಬಂದಾಗಲೆಲ್ಲ, "ನೋಡಾನ ತಡಿಯಮ್ಮ," ಎನ್ನುತ್ತಿದ್ದ. ನೋಡೋಣ ಎನ್ನುವ ಗಂಡಸರು ಕೆಟ್ಟ ಗಂಡಸರಿಗಿಂತ ಹೆಚ್ಚು ಕಾಲ ಕಾಯಿಸುತ್ತಾರೆ.

1984ರ ಮಾಘದಲ್ಲಿ ಸೋಮಶೇಖರಪ್ಪನ ಮಗಳು ದಾಕ್ಷಾಯಿಣಿಗೆ ಕಡೂರಿನಿಂದ ಸಂಬಂಧ ಬಂತು. ಹುಡುಗಿಗೆ ಇಪ್ಪತ್ತು. ಪಿಯುಸಿಯಲ್ಲಿ ಎರಡು ಸಲ ಕೂತು ಎದ್ದಿದ್ದಳು. ವಾರಪತ್ರಿಕೆಯ ಧಾರಾವಾಹಿ ಓದುವುದನ್ನು ಬಿಟ್ಟರೆ ಅವಳ ಕೈ ಯಾವ ಕೆಲಸಕ್ಕೂ ಬಾಗಿದ್ದಿಲ್ಲ. ಗಂಡಿನ ತಂದೆ ಬಸವರಾಜಪ್ಪನದು ಕೊಬ್ಬರಿ ವ್ಯಾಪಾರ. ತಾಯಿ ಉಚ್ಚಂಗಮ್ಮನ ಬಗ್ಗೆ ಒಂದು ಸುದ್ದಿ ಮೊದಲೇ ಬಂದಿತ್ತು: ಆಕೆಗೆ ಕೈಕೆಲಸ ಬಲ್ಲ ಸೊಸೆಯೇ ಆಗಬೇಕು.

"ನವಿಲು ನೇತಾಕಿ ಹುಡುಗಿ ಕೈಕೆಲ್ಸ ಅಂದ್ರೆ ಈ ಸಲ ನಡಿಯಾಕಿಲ್ಲ," ಎಂದಳು ಮಲ್ಲಿಕಾಂಬ. "ಆ ಚೌಡಪ್ಪ ಊರೆಲ್ಲಾ ಸಾರಿಬಿಟ್ಟವ್ನೆ. ನಾವು ರೂಮೇ ತೋರಿಸ್ಬೇಕು."

"ಯಾವ ರೂಮು?" ಷರಟಿನ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದ ತೀರ್ಥಮ್ಮ ತಲೆ ಎತ್ತಲಿಲ್ಲ.

"ಇದೇ ಕಣಮ್ಮ. ಇದು ದಾಕ್ಷಿ ಹೊಲಿಗೆ ರೂಮು ಅಂತ."

ಸೋಮಶೇಖರಪ್ಪ ಬಾಗಿಲಲ್ಲಿ ನಿಂತಿದ್ದ. ತಂಗಿಯ ಕೋಣೆಗೆ ಅವನು ಬಂದದ್ದು ಬಹುಶಃ ವರ್ಷದಲ್ಲಿ ಮೊದಲ ಸಲ. "ಒಂದು ಗಂಟೆ ಮಾತು ತೀರ್ಥ. ಈ ಮದ್ವೆ ಒಂದು ಆಗ್ಲಿ. ಆದ ತಿಂಗಳಿಗೇ ಮೇಸ್ತ್ರಿ ಕರ್ಸಿ ನಿನ್ನ ಬಾಗ್ಲು ಒಡೆಸ್ತೀನಿ. ಅಪ್ಪನ ಗದ್ಗೆ ಆಣೆ."

ಅಪ್ಪನ ಹೆಸರು ಬಂದದ್ದಕ್ಕೆ ತೀರ್ಥಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟಳು. "ಮೇಸ್ತ್ರೀಗೆ ಮೊದ್ಲೇ ಹೇಳಿಡು," ಎಂದಳು.

ಆಮೇಲಿನ ಹತ್ತು ದಿನ ಅವಳು ಮಾಡಿದ ಕೆಲಸವನ್ನು ಯಾರೂ ಅವಳಿಗೆ ಹೇಳಿ ಮಾಡಿಸಿದ್ದಲ್ಲ. ಇಷ್ಟೇ ಸಾಕು ಎಂದಿದ್ದರೆ ಸಾಕಾಗುತ್ತಿತ್ತು. ಆದರೆ ಅವಳಿಗೆ ಒಮ್ಮೆಯಾದರೂ ಈ ಕೋಣೆಯನ್ನು ತಿಳಿದವರಿಗೆ ತೋರಿಸಬೇಕಿತ್ತು, ಬೇರೆಯವರ ಹೆಸರಿನಲ್ಲಿಯಾದರೂ. ಮತ್ತೆ ಸುಣ್ಣ ಬಳಿದಳು. ಕಿಟಕಿಗೆ ಹೊಸ ಪರದೆ ಹೊಲಿದು ಅಂಚಿಗೆ ನೆರಿಗೆ ಕೊಟ್ಟಳು. ಬಾಟಲಿಗಳಿಗೆಲ್ಲ ಒಂದೇ ಬಣ್ಣದ ಬಟ್ಟೆಯ ಟೋಪಿ ಹಾಕಿದಳು. ಚೂರು ಬಟ್ಟೆಗಳನ್ನು ಒತ್ತಿ ಇಸ್ತ್ರಿ ಮಾಡಿ ಬಣ್ಣದ ಪ್ರಕಾರ ಜೋಡಿಸಿದಳು. ಅಳತೆಯ ಕಾಗದಗಳ ಮೇಲಿದ್ದ ಗಿರಾಕಿಗಳ ಹೆಸರು ಕಾಣದಂತೆ ತಿರುಗಿಸಿ ನೇತುಹಾಕಿದಳು. ಕೊನೆಗೆ ಮಲ್ಲಿಕಾಂಬ, "ಬಾಗ್ಲ ಮೇಲೆ ಹುಡುಗಿ ಹೆಸ್ರು ಇದ್ರೆ ಯಾರೂ ಏನೂ ಅನ್ನಂಗಿಲ್ಲ," ಎಂದಾಗ ತೀರ್ಥಮ್ಮ ಬಿಳಿಯ ಚೌಕಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ, ನಾಲ್ಕು ದಿನ ಕೂತು, ಅಡ್ಡಹೊಲಿಗೆಯಲ್ಲಿ "ದಾಕ್ಷಾಯಿಣಿ" ಎಂದು ಬರೆದಳು. ಆ ಹೆಸರಿನಲ್ಲಿ ಒತ್ತಕ್ಷರ ಕಷ್ಟ. ಕ್ಷ ಎರಡು ಸಲ ತಪ್ಪಿತು. ಬಿಚ್ಚಿ ಮತ್ತೆ ಹೊಲಿದಳು. ತನ್ನ ಹೆಸರನ್ನು ಅವಳು ಎಲ್ಲಿಯೂ ಹೊಲಿದುಕೊಂಡಿರಲಿಲ್ಲ.

ಉಚ್ಚಂಗಮ್ಮ ಹುಡುಗಿಗೆ ಹೊಲಿದು ತೋರಿಸಲು ಹೇಳಿದರೆ? ಅದನ್ನೂ ತೀರ್ಥಮ್ಮನೇ ಯೋಚಿಸಿದಳು. ದಾಕ್ಷಿಯನ್ನು ಕೂರಿಸಿ ಮೂರು ದಿನ ಕಾಲು ತುಳಿಯುವುದನ್ನು ಕಲಿಸಿದಳು.

"ಅತ್ತೆ, ಇದು ಹಿಂದಕ್ಕೆ ಹೋಗ್ತದೆ."

"ಚಕ್ರಾನ ಕೈಯಲ್ಲಿ ಮುಂದಕ್ಕೆ ತಿರುಗ್ಸಿ ಆಮೇಲೆ ತುಳಿ. ಬಟ್ಟೆ ಎಳೀಬ್ಯಾಡ. ಅದು ತಾನೇ ಹೋಗ್ತದೆ, ನೀನು ಸುಮ್ನೆ ದಾರಿ ತೋರ್ಸು."

"ದಾರ ಕಿತ್ತೋದ್ರೆ?"

"ದಾರ ಕಿತ್ತೋಗೋಷ್ಟು ದೂರ ನಿನ್ನ ಹೊಲಿಯಾಕೆ ಬಿಡಾಕಿಲ್ಲ ಅವ್ರು. ಗೇಣುದ್ದ ಹೊಲಿದು ಎದ್ದುಬಿಡು."

ಹೆಣ್ಣು ನೋಡುವ ದಿನ ತೀರ್ಥಮ್ಮ ಪಕ್ಕದ ಉಗ್ರಾಣದಲ್ಲಿದ್ದಳು. ಗಂಡ ಬಿಟ್ಟವಳು ಇಂಥ ಹೊತ್ತಿನಲ್ಲಿ ಎದುರಿಗೆ ಇರಬಾರದು. ಇದನ್ನೂ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಅವರೆಕಾಳು ಬಿಡಿಸುತ್ತಾ ಗೋಡೆಯಾಚೆಗೆ ಕಿವಿ ಕೊಟ್ಟು ಕೂತಳು.

ಉಚ್ಚಂಗಮ್ಮನ ದನಿ ಗಟ್ಟಿ. "ಇದೆಲ್ಲಾ ಒಬ್ಳೇ ಮಾಡಿದ್ದಾ ತಾಯಿ? ದಾರ ಹೆಂಗ್ ಜೋಡ್ಸವ್ಳೆ ನೋಡ್ರಿ. ಕಾಮನಬಿಲ್ಲಿದ್ದಂಗೈತೆ." ಆಮೇಲೆ ಹಾರ್ಲಿಕ್ಸ್ ಬಾಟಲಿ ಎತ್ತಿ ಇಟ್ಟ ಸದ್ದು. "ಹುಕ್ಕಿಗೊಂದು, ಗುಂಡಿಗೊಂದು. ಆಹಾ. ಒಂದು ಹೊಲ್ಗೆ ಹಾಕಿ ತೋರ್ಸವ್ವ, ನೋಡಾನ."

ಮಿಶನ್ನು ಓಡಿದ ಸದ್ದು ಬಂತು. ತೀರ್ಥಮ್ಮ ಬೆರಳು ನಿಲ್ಲಿಸಿ ಕೇಳಿಸಿಕೊಂಡಳು. ಒಂದು ಗೇಣು. ನಿಂತಿತು. ದಾರ ಕಿತ್ತುಹೋಗಲಿಲ್ಲ.

"ನೆಟ್ಟಗೆ ಗೆರೆ ಎಳ್ದಂಗೈತಲ್ರೀ," ಎಂದಳು ಉಚ್ಚಂಗಮ್ಮ. ಹತ್ತು ವರ್ಷದಲ್ಲಿ ಆ ಕೋಣೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ತೀರ್ಥಮ್ಮ ಅದನ್ನು ಗೋಡೆಯ ಈಚೆ, ಅವರೆ ಸಿಪ್ಪೆಯ ನಡುವೆ ಕೂತು ಪಡೆದುಕೊಂಡಳು.

ಸಂಬಂಧ ಕೂಡಿತು. ವೀಳ್ಯ ಬದಲಾಯಿಸುವ ದಿನ ಉಚ್ಚಂಗಮ್ಮ ಮತ್ತೆ ಬಂದು, ಎಲ್ಲ ಮಾತು ಮುಗಿದ ಮೇಲೆ, ಬಹಳ ಅಕ್ಕರೆಯಿಂದ ಒಂದು ಮಾತು ಹೇಳಿದಳು. "ನಮಗೇನೂ ಬ್ಯಾಡ. ಒಂದೇ ಒಂದು. ಹುಡುಗಿ ಇಷ್ಟು ಆಸೆ ಪಟ್ಟು ಮಾಡ್ಕಂಡಿರೋ ರೂಮು, ಅದ್ನ ಬಿಟ್ಟು ಬರೋದು ಆ ಮಗೀಗೆ ಎಷ್ಟು ಸಂಕ್ಟ. ನಮ್ಮನೇಲಿ ಮ್ಯಾಲೊಂದು ರೂಮು ಖಾಲಿ ಐತೆ. ಇಲ್ಲಿ ಹೆಂಗೈತೋ ಹಂಗೇ ಅಲ್ಲಿ ಜೋಡಿಸ್ಕೊಳ್ಲಿ. ಮಿಶನ್ನು, ದಾರ, ಬಾಟ್ಲಿ, ನವಿಲು, ಎಲ್ಲಾ ಕಳಿಸ್ಕೊಡ್ರಿ. ಹೊಸದು ಬ್ಯಾಡ. ಕೈಗೆ ಒಗ್ಗಿರೋದೇ ಬೇಕು."

ದಾಕ್ಷಿ ತಲೆ ತಗ್ಗಿಸಿದಳು. ತಲೆ ತಗ್ಗಿಸುವುದನ್ನು ಮಾತ್ರ ಅವಳು ಚೆನ್ನಾಗಿ ಕಲಿತಿದ್ದಳು. ಸೋಮಶೇಖರಪ್ಪ, "ಆಗ್ಲಿ ತಾಯಿ, ಅದಕ್ಕೇನು," ಎಂದುಬಿಟ್ಟ.

ಅವರು ಹೋದ ಮೇಲೆ ತೀರ್ಥಮ್ಮ ನಡುಮನೆಗೆ ಬಂದು ನಿಂತಳು. "ಮಿಶನ್ನು ನಂದು ಅಣ್ಣ."

"ನಂಗೊತ್ತಿಲ್ವಾ?"

"ಗೊತ್ತಿದ್ರೆ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ರೂಮು ನನ್ನ ತಂಗೀದು, ಕೈಕೆಲ್ಸ ನನ್ನ ತಂಗೀದು, ನಾವು ಸುಳ್ಳು ಹೇಳಿದ್ವು ಅಂತ್ಲಾ? ಮದ್ವೆ ನಿಂತೋಗ್ಲಿ ಅಂತೀಯಾ?"

ಮಲ್ಲಿಕಾಂಬ ಮುಸುರೆ ಲೋಟಗಳನ್ನು ಎತ್ತುತ್ತಾ, "ಅವಳ ಮದ್ವೆ ಅಂತೂ ಉಳೀಲಿಲ್ಲ. ನನ್ನ ಮಗಳದ್ದಾದ್ರೂ ನಿಲ್ಲದೇ ನಡೀಲಿ," ಎಂದಳು.

"ಅತ್ತಿಗೆ, ಹೆಸ್ರು ಹೊಲ್ದುಕೊಟ್ಟೋಳು ನಾನು. ಆ ಮಾತು ನನ್ನ ಮುಖ ನೋಡಿ ಹೇಳಿ," ಎಂದಳು ತೀರ್ಥಮ್ಮ. ಮಲ್ಲಿಕಾಂಬ ಲೋಟ ಹಿಡಿದು ಅಡುಗೆಮನೆಗೆ ಹೋದಳು.

ಸೋಮಶೇಖರಪ್ಪ ದನಿ ಇಳಿಸಿ, "ಹೊಸ ಮಿಶನ್ನು ತಕ್ಕೊಡ್ತೀನಿ ಕಣಮ್ಮ. ಬಾಗ್ಲೂ ಮಾಡಿಸ್ತೀನಿ," ಎಂದ. ಆಮೇಲೆ ಸೇರಿಸಿದ, "ಮುಂದಿನ ಸುಗ್ಗಿಗೆ."

ಅವಳು ಊರೆಲ್ಲ ಕೇಳುವಂತೆ ಕೂಗಬಹುದಿತ್ತು. ಕಡೂರಿಗೆ ಒಂದು ಕಾರ್ಡು ಬರೆಯಬಹುದಿತ್ತು. ಬರೆಯಲಿಲ್ಲ. ಇದು ತ್ಯಾಗವೇನೂ ಅಲ್ಲ. ಕೂಗಿದ ಮೇಲೆ ಉಣ್ಣಬೇಕಾದ್ದು ಅದೇ ಮನೆಯ ಅನ್ನ ಎನ್ನುವ ಲೆಕ್ಕ ಅವಳಿಗೆ ಗೊತ್ತಿತ್ತು. ಸುಳ್ಳಿನಲ್ಲಿ ತಾನೂ ಒಂದು ಕೈ ಹಾಕಿದ್ದೇನೆ ಎನ್ನುವುದೂ ಗೊತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಯಾರ ಕೈ, ಯಾರ ಬಾಯಿ ಎಂದು ಯಾರೂ ಕೇಳುವುದಿಲ್ಲ.

ಸಾಮಾನು ಕಟ್ಟಿದ್ದೂ ಅವಳೇ. ಬೇರೆಯವರು ಕಟ್ಟಿದರೆ ಎಲ್ಲ ಕಲಸಿಹೋಗುತ್ತದೆ. ದಾರದ ಹಲಗೆಗೆ ಬಟ್ಟೆ ಸುತ್ತಿದಳು. ಬಾಟಲಿಗಳ ನಡುವೆ ಹುಲ್ಲು ತುರುಕಿದಳು. ಮಿಶನ್ನಿಗೆ ಎಣ್ಣೆ ಹಾಕಿ ಒರೆಸಿದಳು. ಕೊನೆಗೆ, ಸೂಜಿಯ ಕೆಳಗಿನ ತಗಡನ್ನು ಪಕ್ಕಕ್ಕೆ ಸರಿಸಿ, ಒಳಗಿದ್ದ ಬಾಬಿನ್ ಕೇಸನ್ನು ಹೊರಗೆಳೆದಳು. ಅಡಿಕೆಯಷ್ಟು ದಪ್ಪದ ಉಕ್ಕಿನ ಡಬ್ಬಿ ಅದು. ಕೆಳದಾರ ಸುತ್ತಿದ ಬಾಬಿನ್ನು ಅದರೊಳಗೆ ಕೂರಬೇಕು. ಅದಿಲ್ಲದಿದ್ದರೆ ಮಿಶನ್ನು ಎಷ್ಟು ತುಳಿದರೂ ಸೂಜಿ ಬರೀ ತೂತು ಹಾಕುತ್ತದೆಯೇ ಹೊರತು ಒಂದು ಹೊಲಿಗೆಯೂ ಬೀಳುವುದಿಲ್ಲ. ತಗಡು ಮುಚ್ಚಿದರೆ ಹೊರಗೆ ಏನೂ ಕಾಣಿಸುವುದಿಲ್ಲ. ತೀರ್ಥಮ್ಮ ತಗಡು ಮುಚ್ಚಿದಳು. ಡಬ್ಬಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಲಾರಿ ಹೋಯಿತು. ಮದುವೆಯೂ ಆಯಿತು.

ಅವಳು ಕಾಗದಕ್ಕೆ ಕಾದಳು. ಮಿಶನ್ನು ಹೊಲಿಯುತ್ತಿಲ್ಲ, ಏನೋ ಒಂದು ಸಾಮಾನು ಇಲ್ಲವಂತೆ ಎಂದು ಕಡೂರಿನಿಂದ ಬರೆಯಲೇಬೇಕು. ಆಗ ಸೋಮಶೇಖರಪ್ಪ ತನ್ನ ಹತ್ತಿರ ಬರಬೇಕು. ಆಗ ತಾನು, ಹೌದು, ಅದು ನನ್ನ ಹತ್ತಿರ ಇದೆ, ಯಾಕೆಂದರೆ ಮಿಶನ್ನು ನನ್ನದು, ಎನ್ನಬೇಕು. ಆ ಮಾತನ್ನು ಅವಳು ಕಾಜಾ ಹಾಕುವಾಗಲೆಲ್ಲ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದಳು. ಅಂಚೆಯವನು ಮಲ್ಲಿಕಾರ್ಜುನಯ್ಯ ಜಗಲಿಗೆ ಕಾಗದ ಹಾಕಿದಾಗಲೆಲ್ಲ ಅವಳ ಸೂಜಿ ನಿಲ್ಲುತ್ತಿತ್ತು. ಕಾಗದಗಳು ಬರುತ್ತಿದ್ದವು. ದಾಕ್ಷಿಗೆ ಕಡೂರಿನ ನೀರು ಒಗ್ಗಿದೆ, ದಾಕ್ಷಿಗೆ ಮೂರು ತಿಂಗಳು, ದಾಕ್ಷಿಗೆ ಹುಣಸೆಕಾಯಿ ಬೇಕಂತೆ. ಮಿಶನ್ನಿನ ಸುದ್ದಿ ಒಂದು ಸಾಲೂ ಇಲ್ಲ.

ಮಾರನೆಯ ವರ್ಷ ಸೋಮಶೇಖರಪ್ಪ ನಿಜಕ್ಕೂ ಮೇಸ್ತ್ರಿಯನ್ನು ಕರೆಸಿದ. ಕಿಟಕಿ ಕಿತ್ತು ಅದೇ ಜಾಗದಲ್ಲಿ ಬೀದಿಗೆ ಅಗಲವಾದ ಬಾಗಿಲು ಇಡಿಸಿದ. ಅಷ್ಟರಲ್ಲಿ ಅವನಿಗೆ ರಸಗೊಬ್ಬರ ಮಾರುವ ಏಜೆನ್ಸಿ ಸಿಕ್ಕಿತ್ತು. ಕೋಣೆ ಖಾಲಿಯೇ ಇತ್ತಲ್ಲ. ನೀಲಿ ಸುಣ್ಣದ ಗೋಡೆಗೆ ಒರಗಿಸಿ ಯೂರಿಯಾ ಚೀಲ ಪೇರಿಸಿದರು. "ಮಿಶನ್ ತಂದ ಮೇಲೆ ಒಂದು ಮೂಲೆ ನಿಂಗೆ ಬಿಡ್ತೀನಿ," ಎಂದ. ಮಿಶನ್ನು ಬರಲಿಲ್ಲ. ಕೋಣೆ ಮತ್ತೆ ಚೀಲದ ಕೋಣೆಯಾಯಿತು. ತೀರ್ಥಮ್ಮ ನಡುಮನೆಯ ಕಂಬದ ಹತ್ತಿರ ಕೂತು ಬೇರೆ ದರ್ಜಿಗಳು ಕಳಿಸಿದ ಷರಟುಗಳಿಗೆ ಕೈಯಲ್ಲಿ ಕಾಜಾ ಹಾಕತೊಡಗಿದಳು. ಕಾಜಾಕ್ಕೆ ಕೋಣೆ ಬೇಡ. ಒಂದು ಸೂಜಿ, ಒಂದು ದಾರ, ಕೂರಲು ಒಂದು ಅಡಿ ಜಾಗ ಸಾಕು. ಅಷ್ಟನ್ನು ಮನೆಯವರು ಕೊಟ್ಟಿದ್ದರು.

1987ರಲ್ಲಿ ದಾಕ್ಷಿಯ ಎರಡನೆಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಉಚ್ಚಂಗಮ್ಮ ತೀರ್ಥಮ್ಮನನ್ನೂ ಹೆಸರು ಹಿಡಿದು ಕರೆದಳು. ಅವಳು ಹೋದಳು. ಡಬ್ಬಿ ಸೆರಗಿನ ಗಂಟಿನಲ್ಲೇ ಇತ್ತು. ಕಡೂರಿನ ಸ್ಟೇಷನ್ನಿನಲ್ಲಿ ಇಳಿಯುವಾಗ ಅವಳು ತೀರ್ಮಾನ ಮಾಡಿಕೊಂಡಿದ್ದಳು: ಅವರು ಕೇಳಿದರೆ ಕೊಡುವುದು. ಕೇಳಿದರೆ ಸಾಕು.

ಊಟವಾದ ಮೇಲೆ ಉಚ್ಚಂಗಮ್ಮ ತಾನೇ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. "ಬನ್ನಿ ತೀರ್ಥಮ್ನೋರೇ, ನಿಮ್ಮ ಸೊಸೆ ರೂಮು ತೋರಿಸ್ತೀನಿ. ನೀವೊಬ್ರೇ ನೋಡಿಲ್ಲ."

ಬಾಗಿಲಿಗೆ ಬೀಗ ಇತ್ತು. ಉಚ್ಚಂಗಮ್ಮ ಸೊಂಟದ ಬೀಗದ ಕೈ ತೆಗೆದು ತೆರೆದಳು. ಒಳಗೆ ತೀರ್ಥಮ್ಮನ ಕೋಣೆ ಇತ್ತು. ಬಿಳಿಯಿಂದ ಕಪ್ಪಿನವರೆಗೆ ದಾರ; ಒಂದು ರೀಲೂ ಒಂದು ಮೊಳ ಕಡಿಮೆಯಾಗಿರಲಿಲ್ಲ. ಬಾಟಲಿಗಳ ಮೇಲೆ ಅದೇ ಟೋಪಿ. ತಂತಿಯಲ್ಲಿ ಮುಖ ತಿರುಗಿಸಿ ನೇತಾಡುವ ಅಳತೆಯ ಕಾಗದಗಳು, ಹಿಂಬದಿಯಲ್ಲಿ ಅಜ್ಜಂಪುರದ ಹೆಂಗಸರ ಹೆಸರುಗಳು. ಬಾಗಿಲ ಮೇಲೆ ಗಾಜಿನ ಕಟ್ಟು ಹಾಕಿಸಿದ "ದಾಕ್ಷಾಯಿಣಿ". ಎಲ್ಲೂ ಧೂಳಿಲ್ಲ. ಹೆಣ್ಣು ನೋಡಿದ ದಿನ ದಾಕ್ಷಿ ಹೊಲಿದಿದ್ದ ತುಂಡು ಬಟ್ಟೆಯನ್ನು ಯಾರೋ ಮಿಶನ್ನಿನ ಪಾದದ ಕೆಳಗೆ ಸಿಕ್ಕಿಸಿಟ್ಟಿದ್ದರು, ಗೇಣುದ್ದ ಗೆರೆಯ ಸಮೇತ. ಮಿಶನ್ನನ್ನು ಮಾತ್ರ ದಿಕ್ಕು ತಿರುಗಿಸಿ ಇಟ್ಟಿದ್ದರು. ಅಲ್ಲಿ ಕೂತವರಿಗೆ ಬೆಳಕೆಲ್ಲ ಬಲಗಡೆಯಿಂದ ಬೀಳುತ್ತಿತ್ತು. ಯಾರೂ ಕೂತಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

"ಹೊಲಿಯಾಕಿಲ್ವಾ ದಾಕ್ಷಿ?" ಎಂದಳು ತೀರ್ಥಮ್ಮ.

"ಛೆ, ಬಿಡ್ತೀನಾ ನಾನು. ಹೊಲ್ದು ತಿನ್ನೋ ಮನೆಯೇನ್ರೀ ನಮ್ದು? ಹುಡುಗಿ ಆಗಿದ್ದಾಗ ಏನೋ ಮಾಡ್ಕಂಡ್ಳು. ಮೊದಲ್ನೇ ದಿನಾನೇ ಹೇಳಿದ್ದೆ, ಈ ಕಾಲು ತುಳಿಯೋದೆಲ್ಲಾ ಸಾಕು ತಾಯಿ, ಆರಾಮಾಗಿರು ಅಂತ. ಬಂದೋರಿಗೆ ತೋರ್ಸಾಕೆ ಇರ್ಲಿ ಅಂತ ಬೀಗ ಹಾಕಿಟ್ಟಿವ್ನಿ." ಉಚ್ಚಂಗಮ್ಮ ಗೋಡೆಯ ಖಾಲಿ ಮೊಳೆಯೊಂದನ್ನು ತೋರಿಸಿ ನಕ್ಕಳು. "ನವಿಲು ಮಾತ್ರ ಇಲ್ಲ ನೋಡಿ. ಪಕ್ಕದ ಮನೆ ಹುಡುಗೀನ ನೋಡಾಕೆ ಇವತ್ತು ಬರ್ತವ್ರಂತೆ. ಅವರಮ್ಮ ಬಂದು ಒಂದಿನದ ಮಟ್ಟಿಗೆ ಅಂತ ಇಸ್ಕಂಡು ಹೋದ್ಲು. ಆ ಹುಡ್ಗೀಗೆ ಸೂಜಿ ಹಿಡಿಯಾಕೂ ಬರಾಕಿಲ್ಲ, ನಮಗೆ ಗೊತ್ತಿಲ್ವಾ? ಸುಳ್ಳು ಹೇಳೋ ಜನ ನೋಡಿ."

ತೀರ್ಥಮ್ಮ ಮಿಶನ್ನಿನ ಹತ್ತಿರ ಹೋಗಿ ಬಗ್ಗಿ ತಗಡನ್ನು ಸರಿಸಿದಳು. ಒಳಗಿನ ಗುಂಡಿ ಖಾಲಿ ಇತ್ತು. ಅವಳು ಹಾಕಿದ್ದ ಎಣ್ಣೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮೂರು ವರ್ಷದಲ್ಲಿ ಈ ತಗಡನ್ನು ಸರಿಸಿದ ಮೊದಲ ಕೈ ಅವಳದೇ. ಅವಳು ಮಾಡಿದ ಕಳವನ್ನು ಕಂಡುಹಿಡಿಯಲು ಕೂಡ ಅವಳೇ ಬರಬೇಕಾಯಿತು.

ಸೆರಗಿನ ಗಂಟು ಬಿಚ್ಚಿ ಡಬ್ಬಿಯನ್ನು ಅಂಗೈಗೆ ತೆಗೆದುಕೊಂಡಳು. ಹಾಕಿದರೆ ಟಕ್ ಎಂದು ಕೂರುತ್ತದೆ. ಅವಳ ಬೆರಳಿಗೆ ಅದು ಕಣ್ಣು ಮುಚ್ಚಿಯೂ ಗೊತ್ತು.

"ಅದೇನ್ರೀ ಕೈಲಿ?" ಎಂದಳು ಉಚ್ಚಂಗಮ್ಮ.

"ಮಿಶನ್ನಿಂದು ಒಂದು ಸಾಮಾನು."

"ಯಾವ ಮಿಶನ್ನಿಂದು?"

"ನಂದು."

"ಓ, ನೀವೂ ಹೊಲೀತೀರಾ? ನಮ್ಮ ದಾಕ್ಷೀನ ನೋಡಿ ಕಲ್ತ್ರಾ ಹೆಂಗೆ?" ಉಚ್ಚಂಗಮ್ಮನ ನಗುವಿನಲ್ಲಿ ಕೊಂಕು ಇರಲಿಲ್ಲ. "ಐತಾ ಮನೇಲಿ ಮಿಶನ್ನು?"

ತೀರ್ಥಮ್ಮ ತಗಡು ಮುಚ್ಚಿದಳು. "ಇತ್ತು," ಎಂದಳು.

ಡಬ್ಬಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲು ಇಳಿದಳು. ಹಿಂದೆ ಉಚ್ಚಂಗಮ್ಮ ಬಾಗಿಲಿಗೆ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೋ ಎಂದು ಎರಡು ಸಲ ಎಳೆದು ನೋಡಿದಳು. ಸಂಜೆಯ ರೈಲಿಗೆ ತೀರ್ಥಮ್ಮ ಅಜ್ಜಂಪುರಕ್ಕೆ ಬಂದಳು. ನಡುಮನೆಯ ಕಂಬದ ಹತ್ತಿರ ಒಂಬತ್ತು ಷರಟು ಕಾದಿದ್ದವು. ಬೆಳಕು ಇನ್ನೂ ಇತ್ತು. ಅವಳು ಸೂಜಿಗೆ ದಾರ ಪೋಣಿಸಿದಳು.